‘ನೋಡ್ಕೊಂಡು’ ಎಂಬ ಅಳತೆ

ಹೋದ ತಿಂಗಳು ನಮ್ಮ ಓಣಿಯ ಪಾರ್ಲರಿನಲ್ಲಿ ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಕೂತಿದ್ದೆ. ಮನೆಯಲ್ಲೇ ಮೆಹಂದಿ ಕಲಸಿಕೊಂಡು ಕಾಲ ಹಾಕುವವಳು ನಾನು. ತಂಗಿಯ ನಿಶ್ಚಿತಾರ್ಥ ಹತ್ತಿರ ಬಂತೆಂದು ಈ ಸಲ ಧೈರ್ಯ ಮಾಡಿದ್ದೆ. ಹುಡುಗಿ ಬಟ್ಟಲಿಗೆ ಎರಡು ಟ್ಯೂಬು ಹಿಂಡಿ ಕಲಸಿದ್ದೇ ತಡ, ಅಮೋನಿಯಾ ಘಾಟು ಮೂಗಿಗೆ ಹೊಡೆಯಿತು. ಕಣ್ಣಲ್ಲಿ ನೀರು ಬಂತು. “ಉರೀತೈತೇನ್ರಿ ಆಂಟಿ?” ಅಂದಳು. ಇಲ್ಲ ಅಂದೆ. ಆ ಘಾಟಿಗೆ ನನಗೆ ನೆನಪಾದದ್ದು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡು, ಅದರ ಹಿಂದಿನ ಕಿಟಕಿಯಿಲ್ಲದ ಕೋಣೆ, ಅಲ್ಲಿ ಡ್ರಾಯಿಂಗುಗಳ ಪ್ರಿಂಟ್ ತೆಗೆಯುತ್ತಿದ್ದ ಹಳೆಯ ಅಮೋನಿಯಾ ಮಷೀನು… ಅದರ ಮುಂದೆ ಮೂಗಿಗೆ ಕರ್ಚೀಫು ಕಟ್ಟಿಕೊಂಡು ನಿಂತಿರುತ್ತಿದ್ದ ಉಸ್ತಾದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ ಅಂತಲೇ ಇಟ್ಟುಕೊಳ್ಳಿ. ಶೆಡ್ಡಿನಲ್ಲಿ ಮಾಲೀಕರಿಂದ ಹಿಡಿದು ಗೇಟಿನವರವರೆಗೆ ಎಲ್ಲರೂ ಅವರನ್ನು ಉಸ್ತಾದ್ ಅಂತಲೇ ಕರೆಯುತ್ತಿದ್ದರು. ಹರಿಹರದವರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿದ್ದರು. ಮೊದಲು ಫಿಟ್ಟರ್ ಆಗಿದ್ದವರು, ಡ್ರಾಯಿಂಗ್ ಓದುವುದನ್ನು ಕಲಿತು, ಆಮೇಲೆ ಬರೆಯುವುದನ್ನೂ ಕಲಿತು, ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಇಪ್ಪತ್ತು ವರ್ಷದಿಂದ ಅಲ್ಲಿನ ಡ್ರಾಫ್ಟ್ಸ್‌ಮನ್ ಆಗಿದ್ದರು. ಮೆಕ್ಕೆಜೋಳದ ತೆನೆಯಿಂದ ಕಾಳು ಬಿಡಿಸುವ ಯಂತ್ರ ನಮ್ಮ ಶೆಡ್ಡಿನ ಮುಖ್ಯ ಮಾಲು. ಸುಗ್ಗಿಗೆ ಮುಂಚೆ ಮಾಯಕೊಂಡ, ಆನಗೋಡು ಕಡೆಯ ರೈತರು ಬಂದು, ಡ್ರಮ್ಮನ್ನು ಕೈಯಿಂದ ತಿರುಗಿಸಿ ನೋಡಿ, “ಇದು ಉಸ್ತಾದ್ ಬರ್ದಿದ್ದೇ ಹೌದಲ್ರಿ?” ಅಂತ ಕೇಳಿ ಕೊಳ್ಳುತ್ತಿದ್ದರು.

ನಾನು ಹೋಗಿದ್ದು ಪಾಲಿಟೆಕ್ನಿಕ್ ಮುಗಿಸಿ, ಮೂರು ತಿಂಗಳ ತ್ರೀ-ಡಿ ಕೋರ್ಸ್ ಮಾಡಿಕೊಂಡು, ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಹಾಕಿಸಿಕೊಂಡು. ಇಡೀ ಶೆಡ್ಡಿಗೆ ನಾನೊಬ್ಬಳೇ ಹೆಣ್ಣುಮಗಳು. ಮಾಲೀಕರು, “ಆರು ತಿಂಗಳು ನೋಡ್ತೀನವ್ವ, ಆಮೇಲೆ ಮಾತಾಡೋಣ” ಅಂದಿದ್ದರು. ಮನೆಯಲ್ಲಿ ಅಪ್ಪ ಮಿಲ್ಲಿನ ಕೆಲಸ ಹೋದ ಮೇಲೆ ಸುಮ್ಮನೆ ಕೂತಿದ್ದ ಕಾಲ ಅದು. ಆ ಆರು ತಿಂಗಳು ದಾಟುವುದೇ ನನಗೆ ದೊಡ್ಡ ಹೊಳೆ ದಾಟಿದಂತಿತ್ತು. ಹೆದರಿಕೆ ಇದ್ದವರಿಗೆ ಬಾಯಿ ಜೋರು ಅನ್ನುತ್ತಾರಲ್ಲ, ನನಗೂ ಹಾಗೇ ಇತ್ತು.

ಉಸ್ತಾದರು ಬೋರ್ಡಿನ ಮೇಲೆ ಪೆನ್ಸಿಲ್ಲಿನಿಂದ ಬರೆಯುತ್ತಿದ್ದವರು. ಐವತ್ತರ ಹತ್ತಿರದಲ್ಲಿ ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದನ್ನು ಕಲಿತಿದ್ದರು. ಆದರೆ ಅದು ಟು-ಡಿ. ಕಾಗದದ ಮೇಲೆ ಬರೆದಂತೆಯೇ ತೆರೆಯ ಮೇಲೆ ಬರೆಯುವುದು. ಅದರಲ್ಲಿ ಗೆರೆ ಬರೀ ಚಿತ್ರ. ಪಕ್ಕದಲ್ಲಿ ಬರೆದ ಅಳತೆಯೇ ಮಾತು. ಗೆರೆ ಸ್ವಲ್ಪ ಗಿಡ್ಡವಾದರೂ ಯಾರೂ ಕೇಳುವುದಿಲ್ಲ, ಅಂಕಿ ಸರಿ ಇದ್ದರಾಯಿತು. ನಾನು ಕಲಿತು ಬಂದ ತ್ರೀ-ಡಿ ಹಾಗಲ್ಲ. ಅದರಲ್ಲಿ ಅಂಕಿಯೇ ಗೆರೆಯನ್ನು ಹಿಡಿದು ಎಳೆಯುತ್ತದೆ. ಒಂದು ಕಡೆ ಅಳತೆ ಬದಲಿಸಿದರೆ ಇಡೀ ಯಂತ್ರ ತಾನಾಗಿಯೇ ಹಿಗ್ಗುತ್ತದೆ, ಕುಗ್ಗುತ್ತದೆ. ಅಳತೆ ಕೊಡದೆ ಬಿಟ್ಟ ಗೆರೆ ನೀಲಿ ಬಣ್ಣದಲ್ಲಿ ಉಳಿದು ಮೌಸ್ ತಾಗಿದರೆ ಅಲ್ಲಾಡುತ್ತದೆ. ಎಲ್ಲ ಅಳತೆ ಕೊಟ್ಟ ಮೇಲೆ ಕಪ್ಪಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಕೋರ್ಸಿನಲ್ಲಿ ಹೇಳಿಕೊಟ್ಟ ಮೊದಲ ಪಾಠವೇ, ನೀಲಿ ಗೆರೆ ಬಿಡಬಾರದು ಅಂತ.

ಮಾಲೀಕರು ನನಗೆ ಕೊಟ್ಟ ಕೆಲಸ ಉಸ್ತಾದರ ಹಳೆಯ ಡ್ರಾಯಿಂಗುಗಳನ್ನೆಲ್ಲ ತ್ರೀ-ಡಿಗೆ ತರುವುದು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂದಂತೆ, ನಾನು ಒಂದೊಂದು ಡ್ರಾಯಿಂಗನ್ನೂ ಹಿಂಡಿ ತಪ್ಪು ಹುಡುಕುತ್ತಿದ್ದೆ. ಗೆರೆ ಒಂದು ಉದ್ದ, ಬರೆದ ಅಂಕಿ ಇನ್ನೊಂದು. ಕಂಡಲ್ಲೆಲ್ಲ ಕೆಂಪು ಗುರುತು ಹಾಕಿ ಮಾಲೀಕರ ಟೇಬಲ್ಲಿನ ಮೇಲೆ ಇಡುತ್ತಿದ್ದೆ. ಉಸ್ತಾದರು ಅದನ್ನು ನೋಡುತ್ತಲೇ ಇದ್ದರು. ಮಧ್ಯಾಹ್ನ ಊಟದ ಡಬ್ಬಿ ತೆಗೆದಾಗ ನನ್ನ ಪಾಲಿಗೆ ಅಂತ ಹರಿಹರದಿಂದ ತಂದ ಖರ್ಜೂರ ಮಾತ್ರ ತಪ್ಪುತ್ತಿರಲಿಲ್ಲ.

ಹೀಗೆ ಹುಡುಕುತ್ತಿರುವಾಗ ಸಿಕ್ಕಿದ್ದು ಆ ಪದ. ಯಂತ್ರದ ಎರಡೂ ಬದಿಗೆ ಒಂದೊಂದು ಪ್ಲೇಟು, ಪ್ಲೇಟಿನಲ್ಲಿ ಬೇರಿಂಗ್ ಕೂರಲು ತೂತು, ಈ ತೂತಿನಿಂದ ಆ ತೂತಿಗೆ ಡ್ರಮ್ಮಿನ ಶಾಫ್ಟು. ಪ್ಲೇಟಿನ ಬುಡದಿಂದ ತೂತಿನವರೆಗೆ ಎಷ್ಟು ಎತ್ತರ ಅನ್ನುವ ಜಾಗದಲ್ಲಿ ಅಂಕಿಯ ಬದಲು, ಅಚ್ಚುಕಟ್ಟಾದ ಕನ್ನಡ ಅಕ್ಷರದಲ್ಲಿ, ‘ನೋಡ್ಕೊಂಡು’ ಅಂತ ಬರೆದಿದ್ದರು. ನಾನು ಎಲ್ಲರಿಗೂ ಕೇಳುವಂತೆ ನಕ್ಕೆ. “ಉಸ್ತಾದ್, ಕಂಪ್ಯೂಟರಿಗೆ ಕಣ್ಣಿಲ್ರಿ, ಅದು ನೋಡ್ಕೊಳ್ಳಂಗಿಲ್ಲ. ನಂಬರ್ ಕೊಡ್ರಿ” ಅಂದೆ. ಆಫೀಸಿನವರೂ ನಕ್ಕರು. ಅವರೂ ನಕ್ಕು, “ಹಂಗಾದ್ರೆ ಕಣ್ಣಿದ್ದೋರು ಹೋಗಿ ನೋಡ್ಕೊಳ್ಳಲಿ ಬೇಟಿ” ಅಂದರು.

ಅಷ್ಟಕ್ಕೇ ಬಿಡಲಿಲ್ಲ ಅವರು. ನನ್ನನ್ನು ಕೆಳಗೆ ವೆಲ್ಡಿಂಗ್ ಮಾಡುವ ಕಡೆ ಕರೆದುಕೊಂಡು ಹೋಗಿ, ಆಗತಾನೇ ವೆಲ್ಡ್ ಆದ ಒಂದು ಫ್ರೇಮಿನ ಮೇಲೆ ದಾರ ಹಿಡಿದು ತೋರಿಸಿದರು. ನೆಟ್ಟಗಿರಬೇಕಾದ ಪಟ್ಟಿ ದಾರದಿಂದ ಒಂದು ಗೋಧಿಕಾಳಿನಷ್ಟು ಒಳಗೆ ಸರಿದಿತ್ತು. “ಬೆಂಕಿ ತಾಗಿದ್ಮೇಲೆ ಕಬ್ಬಿಣ ಎಳೀತೈತೆ. ಇವತ್ತು ಈ ಕಡೆ ಎಳೀತು, ನಾಳೆ ಎಷ್ಟು ಎಳೀತೈತೋ ನಂಗೂ ಗೊತ್ತಿಲ್ಲ, ನಿನ್ನ ಕಂಪ್ಯೂಟರಿಗೂ ಗೊತ್ತಿಲ್ಲ. ಎಲ್ಲಾ ವೆಲ್ಡ್ ಆಗಿ ತಣ್ಣಗಾಗಲಿ. ಆಮೇಲೆ ಎಲ್ಲಿ ಕೂಡ್ತೈತೋ ನೋಡ್ಕೊಂಡು ತೂತು ಹೊಡೀಬೇಕು” ಅಂದರು. ನಾನು ಹೂಂಗುಟ್ಟಿದೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ ಅನ್ನುವುದೂ ಸುಳ್ಳು, ಸರಿಯಾಗಿಯೇ ಕೇಳಿಸಿಕೊಂಡಿದ್ದೆ. ಹಳೆಯ ಕಾಲದ ಮಾತು ಅಂದುಕೊಂಡೆ, ಅಷ್ಟೇ.

ಮೇಲೆ ಬಂದು ಕೂತರೆ ತೆರೆಯ ಮೇಲೆ ಆ ತೂತಿನ ವೃತ್ತ ನೀಲಿಯಾಗಿ ಅಲ್ಲಾಡುತ್ತಿತ್ತು. ಅದನ್ನು ಕಪ್ಪು ಮಾಡದೆ ನನಗೆ ಸಮಾಧಾನವಿಲ್ಲ. ಉಸ್ತಾದರ ಹಳೆಯ ಫೈಲ್ ತೆರೆದು, ಅಳತೆ ನೋಡಲು ಬುಡದ ಗೆರೆಯ ಮೇಲೆ ಮೌಸ್ ಒತ್ತಿ, ತೂತಿನ ನಡುವೆ ಒತ್ತಿದೆ. ನಾನೂರ ಹನ್ನೆರಡು ಮಿಲಿಮೀಟರ್ ಅಂತ ಬಂತು. ಅದು ಅವರು ಚಿತ್ರಕ್ಕೆಂದು ಎಳೆದ ಗೆರೆ. ಅವರು ಎಂದೂ ಕೊಡದ ಅಳತೆ. ಅದನ್ನೇ ಹಾಕಿದೆ. ವೃತ್ತ ಕಪ್ಪಾಯಿತು. ‘ನೋಡ್ಕೊಂಡು’ ಎಂಬ ಪದವನ್ನು ಅಳಿಸಿದೆ. ಡ್ರಮ್ಮು, ಶಾಫ್ಟು, ಬೇರಿಂಗು ಎಲ್ಲ ಕೂಡಿಸಿದಾಗ ತೆರೆಯ ಮೇಲೆ ಎಲ್ಲವೂ ಮಗು ತೊಟ್ಟಿಲಲ್ಲಿ ಮಲಗಿದಷ್ಟು ಹಿತವಾಗಿ ಕೂತಿತು.

ಮಾಲೀಕರಿಗೆ ಖುಷಿಯೋ ಖುಷಿ. ಇನ್ನು ಒಂದೊಂದೇ ತೂತು ಹೊಡೆಯುತ್ತ ಕೂರುವುದು ಬ್ಯಾಡ, ಲೇಸರ್ ಕಟಿಂಗ್‌ನವರಿಗೆ ಕೊಟ್ಟು ತೂತಿನ ಸಮೇತ ಪ್ಲೇಟು ಕತ್ತರಿಸಿ ತರಿಸೋಣ, ಇಪ್ಪತ್ತು ಮಷೀನಿಗೆ ಒಟ್ಟಿಗೆ ಆಗಲಿ ಅಂದರು. ಒಂದು ಮಾತು ಮಾತ್ರ ಸೇರಿಸಿದರು: “ಉಸ್ತಾದ್‌ಗೆ ಒಂದ್ಸಲ ತೋರಿಸಿಬಿಡವ್ವ.” ತೋರಿಸಿದೆ. ಮೌಸ್ ಹಿಡಿದು ಯಂತ್ರವನ್ನು ಸುತ್ತ ತಿರುಗಿಸಿದೆ, ಬಿಚ್ಚಿ ತೋರಿಸಿದೆ, ಮತ್ತೆ ಕೂಡಿಸಿದೆ. ಅವರು ಕನ್ನಡಕ ಮೇಲೆತ್ತಿ ಕಣ್ಣರಳಿಸಿ ನೋಡಿದರು. ಇಪ್ಪತ್ತು ವರ್ಷ ತಲೆಯೊಳಗೆ ಮಾತ್ರ ತಿರುಗಿಸಿ ನೋಡಿದ್ದನ್ನು ಹೊರಗೆ ಕಂಡ ಸಂತೋಷ ಅದು. ಅದರಲ್ಲಿ ಹೊಟ್ಟೆಕಿಚ್ಚು ಒಂದು ಚೂರೂ ಇರಲಿಲ್ಲ. “ಭಾಳ ಚೆಂದ ಐತೆ ಬೇಟಿ. ನಂಗೂ ಕಲಿಸು. ಆ ತೂತು ಮಾತ್ರ…” ಅಂದರು. “ಗೊತ್ತೈತ್ರಿ ಉಸ್ತಾದ್” ಅಂತ ನಾನು ಮಾತು ಮುಗಿಸಲು ಬಿಡಲಿಲ್ಲ.

ಪ್ಲೇಟುಗಳು ಬಂದವು. ಆರು ಫ್ರೇಮು ವೆಲ್ಡ್ ಆದವು. ಏಳನೆಯದಕ್ಕೆ ಕೈ ಹಾಕುವ ಮೊದಲು ಹಿರಿಯ ಫಿಟ್ಟರು ಒಂದಕ್ಕೆ ಶಾಫ್ಟು ಏರಿಸಲು ಹೋದರು. ಒಂದು ಬದಿಯಲ್ಲಿ ಹೋಯಿತು, ಇನ್ನೊಂದು ಬದಿಯ ತೂತು ಕೆಳಗೆ ಇಳಿದಿತ್ತು. ಇನ್ನೊಂದು ಫ್ರೇಮು ನೋಡಿದರೆ ಅದರಲ್ಲಿ ಮೇಲೆ. ಶಾಫ್ಟು ಹೇಗೋ ತೂರಿದ ಕಡೆ ಡ್ರಮ್ಮು ತಿರುಗಲಿಲ್ಲ. “ವೆಲ್ಡಿಂಗಿಗೆ ಮೊದ್ಲೇ ತೂತು ಹೊಡ್ಸಿದ ಪುಣ್ಯಾತ್ಮ ಯಾರಪ್ಪ?” ಅಂತ ಅವರು ಕೆಳಗಿನಿಂದ ಕೇಳಿದ್ದು ಮೇಲಿದ್ದ ನನಗೆ ಕೇಳಿಸಿತು. ನನ್ನ ಆರು ತಿಂಗಳಿಗೆ ಇನ್ನೂ ಹತ್ತೊಂಬತ್ತು ದಿನ ಬಾಕಿ ಇದ್ದವು. ಅಷ್ಟು ಸರಿಯಾಗಿ ಲೆಕ್ಕ ಇಟ್ಟಿದ್ದೆ ನಾನು.

ಮಾಲೀಕರು ನಮ್ಮಿಬ್ಬರನ್ನೂ ಕರೆದರು. ಡ್ರಾಯಿಂಗ್ ಟೇಬಲ್ಲಿನ ಮೇಲೆ ಹರವಿತ್ತು. “ಉಸ್ತಾದ್ ಡ್ರಾಯಿಂಗಿನಾಗ ಈ ಅಳತೆನೇ ಇಲ್ಲ. ಎಲ್ಲಿಂದ ಬಂತು ಇದು?” ಅಂತ ನನ್ನನ್ನು ಕೇಳಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನಲ್ಲ, ಎದುರಿಗೆ ನಿಂತ ಮನುಷ್ಯನನ್ನೇ ಡೊಂಕು ಮಾಡಿದೆ. “ಉಸ್ತಾದ್‌ರನ್ನ ಕೇಳೇ ಹಾಕಿದ್ದು ಸರ್” ಅಂದೆ. ಉಸ್ತಾದರು ನನ್ನತ್ತ ತಿರುಗಿದರು. ಸಿಟ್ಟಿರಲಿಲ್ಲ, ಬರೀ ಆಶ್ಚರ್ಯ. ಆ ಆಶ್ಚರ್ಯ ಕಂಡು ನನಗೆ ಇನ್ನೂ ದಿಗಿಲಾಯಿತು, ಸುಳ್ಳಿಗೆ ಊರುಗೋಲು ಬೇಕಾಯಿತು. “ಅವತ್ತು ಆಫೀಸಿಗೆ ಮಿರ್ಚಿ-ಮಂಡಕ್ಕಿ ತಂದಿದ್ರಲ್ಲ ಉಸ್ತಾದ್, ನಿಮ್ಮ ಮೊಮ್ಮಗ ಹುಟ್ಟಿದ್ದಕ್ಕೆ. ಚಾ ಕುಡಿಯೋವಾಗ ಕೇಳಿದೆ, ನಾನೂರ ಹನ್ನೆರಡು ಹಾಕು ಅಂದ್ರಲ್ಲ” ಅಂದೆ.

ಮಿರ್ಚಿ ತಂದಿದ್ದು ನಿಜ. ಮೊಮ್ಮಗ ಹುಟ್ಟಿದ್ದೂ ನಿಜ. ಚಾ ಕುಡಿಯುತ್ತ ಇಬ್ಬರೂ ಮಾತಾಡಿದ್ದೂ ನಿಜ. ಆ ಮೂರು ನಿಜಗಳ ನಡುವೆ ನನ್ನ ನಾನೂರ ಹನ್ನೆರಡು ಯಾರಿಗೂ ಕಾಣದಂತೆ ಸೇರಿಕೊಂಡಿತು. ಉಸ್ತಾದರು ನೆನಪು ಮಾಡಿಕೊಳ್ಳಲು ಹೊರಟರು. ಅವರ ಕಣ್ಣು ಗೋಡೆಯ ಮೇಲೆ ಏನೋ ಹುಡುಕುತ್ತಿತ್ತು… ಆ ನೋಟ ಈಗಲೂ ಹಾಗೇ ಕಣ್ಣಿಗೆ ಕಟ್ಟುತ್ತದೆ. “ಮಿರ್ಚಿ ತಂದಿದ್ದೆ, ಹೌದು” ಅಂದರು. ಆಮೇಲೆ, “ಅಂದಿದ್ದೆನೇನೋ. ಆ ಖುಷಿನಾಗ ಬಾಯಿಗೆ ಬಂದದ್ದು ಅಂದಿದ್ದೆನೇನೋ ಸಾಹೇಬ್ರೆ. ನೆನಪಾಗವಲ್ದು” ಅಂದರು. ಮಾಲೀಕರು ತಲೆಯ ಮೇಲೆ ಕೈ ಹೊತ್ತು ಕೂತರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಮಾರನೆಯ ದಿನ ಅವರು ನನ್ನ ಟೇಬಲ್ಲಿನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದರು: “ಬೇಟಿ, ಬೇಜಾರು ಮಾಡ್ಕೋಬ್ಯಾಡ. ಅವತ್ತು ನಾನು ನಾನೂರ ಹನ್ನೆರಡೇ ಅಂದೆನಾ? ಬೇರೆ ಯಾವುದಾದ್ರೂ ಜಾಬಿನ ಅಳತೆ ಅಂದಿದ್ನಾ? ಸ್ವಲ್ಪ ನೆನಪು ಮಾಡ್ಕೊಂಡು ಹೇಳು.” ಅವರು ನನ್ನನ್ನು ಪರೀಕ್ಷೆ ಮಾಡುತ್ತಿರಲಿಲ್ಲ. ತಮ್ಮ ತಲೆಯೊಳಗೆ ಏನೋ ಕಳೆದುಹೋಗಿದೆ, ಅದನ್ನು ಹುಡುಕಲು ನನ್ನ ಸಹಾಯ ಬೇಕಿತ್ತು ಅವರಿಗೆ. ಸುತ್ತ ಯಾರೂ ಇರಲಿಲ್ಲ. ಆಗ ಹೇಳಿಬಿಟ್ಟಿದ್ದರೆ ಹೆಚ್ಚೆಂದರೆ ಒಂದು ನೌಕರಿ ಹೋಗುತ್ತಿತ್ತು. ನಾನು ಕೀಬೋರ್ಡ್ ನೋಡುತ್ತ, “ಹೌದ್ರಿ ಉಸ್ತಾದ್, ಅದೇ ಅಂದ್ರಿ” ಅಂದೆ. ಒಂದು ವಾರ ಬಿಟ್ಟು ಇನ್ನೊಮ್ಮೆ ಕೇಳಿದರು. ಆಗಲೂ ಅದನ್ನೇ ಅಂದೆ. ಎರಡನೆಯ ಸಲ ಸುಳ್ಳು ಹೇಳುವುದು ಮೊದಲನೆಯದಕ್ಕಿಂತ ಸುಲಭವಾಗಿತ್ತು.

ತಿಂಗಳು ತುಂಬುವ ಹೊತ್ತಿಗೆ ಅವರೇ ಕೆಲಸ ಬಿಟ್ಟರು. ಮಾಲೀಕರು ಹೋಗಿ ಅಂದಿರಲಿಲ್ಲ. ಇರಿ ಅಂತ ಒತ್ತಾಯ ಮಾಡಲೂ ಇಲ್ಲ. “ಮರೆವು ಬಂದೋರು ಡ್ರಾಯಿಂಗ್ ಬರೀಬಾರ್ದ್ರಿ. ಯಾರ ಕೈಯಾದ್ರೂ ಹೋಗ್ತೈತೆ” ಅಂದರಂತೆ ಉಸ್ತಾದರು ಮಾಲೀಕರಿಗೆ. ಹೊರಡುವ ದಿನ ನನಗೆ ತಮ್ಮ ಸ್ಟೀಲಿನ ಅಳತೆಪಟ್ಟಿ ಕೊಟ್ಟು, “ಚೆನ್ನಾಗಿ ಕಲಿ. ನೀನು ಮುಂದೆ ಹೋಗ್ತಿ” ಅಂದರು. ಅದನ್ನು ನಾನು ಒಂದು ದಿನವೂ ಬಳಸಲಿಲ್ಲ, ಎಲ್ಲಿ ಹೋಯಿತೋ ಗೊತ್ತಿಲ್ಲ.

ಕಿಟಕಿಯ ಪಕ್ಕದ ಅವರ ಕುರ್ಚಿ ನನಗೆ ಬಂತು. ನೌಕರಿ ಕಾಯಂ ಆಯಿತು. ಮುಂದಿನ ಸುಗ್ಗಿಗೆ ಯಂತ್ರ ಮಾಡುವಾಗ ನಾನು ಆ ತೂತನ್ನು ಮಾಡೆಲಿನಿಂದಲೇ ತೆಗೆದು, ಡ್ರಾಯಿಂಗಿನಲ್ಲಿ ಇಂಗ್ಲಿಷಿನಲ್ಲಿ ‘ಡ್ರಿಲ್ ಅಟ್ ಅಸೆಂಬ್ಲಿ’ ಅಂತ ಬರೆದೆ. ಕೂಡಿಸುವಾಗ ತೂತು ಹೊಡೆಯಿರಿ ಅಂತ ಅದರ ಅರ್ಥ. ಉಸ್ತಾದರು ಕನ್ನಡದಲ್ಲಿ ಒಂದೇ ಪದದಲ್ಲಿ ಬರೆದಿದ್ದನ್ನೇ ನಾನು ಮೂರು ಪದ ಮಾಡಿದ್ದೆ. ಮಾಲೀಕರು ಶಭಾಷ್ ಅಂದರು. ಶಭಾಷ್ ಅನ್ನಿಸಿಕೊಂಡು ನಾನು ನಕ್ಕೆ ಕೂಡ. ನಾಚಿಕೆ ಅನ್ನುವುದು ಇದ್ದವರು ಆವತ್ತಾದರೂ ಹರಿಹರದ ಬಸ್ಸು ಹತ್ತುತ್ತಿದ್ದರು.

ಹತ್ತಲಿಲ್ಲ. ದಾವಣಗೆರೆಯಿಂದ ಹರಿಹರ ಎಷ್ಟು ದೂರ? ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟೂ ಇಲ್ಲ. ಸಂಬಂಧಿಕರ ಮನೆಗೆ, ಸೀರೆಗೆ, ಆಸ್ಪತ್ರೆಗೆ ಅಂತ ವರ್ಷಕ್ಕೆ ಹತ್ತು ಸಲ ಹೋಗುತ್ತಿದ್ದೆ. ಅವರ ಓಣಿಯ ತಿರುವು ಬಂದರೆ ಇನ್ನೊಂದು ರಸ್ತೆ ಹಿಡಿಯುತ್ತಿದ್ದೆ. ನಮ್ಮ ಹಿರಿಯ ಫಿಟ್ಟರು ಆಗಾಗ ಸುದ್ದಿ ಹೇಳುತ್ತಿದ್ದರು: ಹರಿಹರದ ಸಣ್ಣಪುಟ್ಟ ವರ್ಕ್‌ಶಾಪಿನವರು ಉಸ್ತಾದರ ಮನೆಗೆ ಹೋಗಿ ಡ್ರಾಯಿಂಗ್ ಬರೆದುಕೊಡಿ ಅಂದರೆ ಕೈ ಮುಗಿದು ವಾಪಸ್ ಕಳಿಸುತ್ತಾರಂತೆ. ವಯಸ್ಸಾಯಿತು, ವಿಶ್ರಾಂತಿ ತಗೊಳ್ಳಲಿ ಬಿಡಿ ಅನ್ನುತ್ತಿದ್ದೆ. ಹಾಗೆ ಹನ್ನೊಂದು ವರ್ಷ.

ಎರಡು ವರ್ಷದ ಹಿಂದೆ ಅದೇ ಫಿಟ್ಟರು ಫೋನ್ ಮಾಡಿ, ಉಸ್ತಾದ್ ಹೋಗಿಬಿಟ್ಟರು ಅಂದರು. ಎದೆನೋವು, ಆಸ್ಪತ್ರೆ ಮುಟ್ಟುವ ಮೊದಲೇ… ಆಗಲೂ ನಾನು ಹದಿನೈದು ದಿನ ತಡ ಮಾಡಿ ಹೋದೆ. ಹೊಳೆಯ ಕಡೆ ಹೋಗುವ ಓಣಿಯಲ್ಲಿ ಸಣ್ಣ ಮನೆ. ಅವರ ಹೆಂಡತಿ, ಚಾಚಿ ಅಂತ ನಾನು ಕರೆದೆ, ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಉಸ್ತಾದರ ಜೊತೆ ಕೆಲಸ ಮಾಡಿದವಳು ಅಂದೆ. “ಕೂಡ್ರಿ, ಕೂಡ್ರಿ” ಅಂತ ಪಕ್ಕ ಸರಿದರು. ಮಾತಾಡುತ್ತ ಮಾತಾಡುತ್ತ ದಿಂಬಿನ ಹತ್ತಿರ ಇಟ್ಟಿದ್ದ ಒಂದು ಚೀಲ ಎಳೆದು, ಅದರಿಂದ ಅಂಗಿಯ ಜೇಬಿನಲ್ಲಿ ಹಿಡಿಸುವಂಥ ಸಣ್ಣ ಸಣ್ಣ ಡೈರಿಗಳನ್ನು ತೆಗೆದು ಮುಂದಿಟ್ಟರು. ಎಣಿಸಲಿಲ್ಲ, ಚೀಲದ ತುಂಬ ಇದ್ದವು. “ಇದೇ ನೋಡ್ರಿ ಅವರ ಆಸ್ತಿ” ಅಂದರು.

ಒಂದನ್ನು ತೆರೆದೆ. ಅದೇ ಅಚ್ಚುಕಟ್ಟಾದ ಅಕ್ಷರ. ‘ಹಾಲಿನವರಿಗೆ ನಾಳೆ ಅರ್ಧ ಲೀಟರ್ ಸಾಕು ಅಂದೆ.’ ‘ಅಳಿಯ ಕೇಳಿದ, ಶುಕ್ರವಾರ ಬರುತ್ತೇನೆ ಅಂದೆ.’ ‘ಗ್ಯಾಸ್ ಬಂದ್ ಮಾಡಿದೆ. ಬಂದ್ ಆಗಿದೆ.’ ‘ಪಕ್ಕದ ಮನೆಯವರು ಮಗನಿಗೆ ಯಾವ ಸ್ಕೂಲು ಒಳ್ಳೇದು ಅಂದರು, ಗೊತ್ತಿಲ್ಲ ಅಂದೆ.’ ಪುಟದಿಂದ ಪುಟಕ್ಕೆ ಹೀಗೇ. ಯಾರು ಏನು ಕೇಳಿದರು, ತಾನು ಏನು ಅಂದೆ. ಬೇರೆ ಏನೂ ಇಲ್ಲ.

ಯಾಕೆ ಹೀಗೆ ಬರೆಯುತ್ತಿದ್ದರು ಅಂತ ಕೇಳಿದೆ. ಉತ್ತರ ಗೊತ್ತಿತ್ತು, ಆದರೂ ಕೇಳಿದೆ.

“ಮರೆವು ಬೇಟಿ. ನಿಮ್ಮ ಆಫೀಸಿನಾಗ ಇದ್ದಾಗಲೇ ಶುರು ಆಗಿತ್ತಂತೆ. ಏನೋ ಅಳತೆ ಬಾಯಲ್ಲಿ ಹೇಳಿ, ಹೇಳಿದ್ದೇ ಮರ್ತುಬಿಟ್ಟಿದ್ರಂತೆ. ಭಾಳ ಲುಕ್ಸಾನ್ ಆಯ್ತಂತೆ ಮಾಲೀಕರಿಗೆ. ಅವತ್ತಿಂದ ಯಾರ ಹತ್ರ ಏನು ಮಾತಾಡಿದ್ರೂ ಬರ್ದಿಟ್ಕೊಳ್ಳೋರು. ದಾವಣಗೆರೆ ದೊಡ್ಡ ಡಾಕ್ಟರ್ ಹತ್ರ ಎರಡು ಸಲ ಕರ್ಕೊಂಡು ಹೋದ್ವಿ, ತಲೆ ಸ್ಕ್ಯಾನ್ ಮಾಡ್ಸಿದ್ವಿ. ಏನೂ ಇಲ್ಲ, ನಿಮ್ಮ ನೆನಪು ನನಗಿಂತ ಚೆನ್ನಾಗೈತೆ ಅಂದ್ರು ಡಾಕ್ಟರ್. ಇವರು ಒಪ್ಪಲೇ ಇಲ್ಲ. ಮರೆವು ಇಲ್ಲ ಅಂದ್ರೆ ಆ ಹುಡುಗಿ ಸುಳ್ಳು ಹೇಳಿದಂಗ ಆಗ್ತೈತಲ್ಲ, ಅಂಥಾ ಹುಡುಗಿ ಅಲ್ಲ ಅದು ಅಂತಿದ್ರು.”

ಡೈರಿ ನನ್ನ ಕೈಯಲ್ಲೇ ಇತ್ತು. ಎದ್ದು ಬಂದುಬಿಡಬಹುದಿತ್ತು. ಚಾಚಿಗೆ ನನ್ನ ಗುರುತು ಸಿಕ್ಕಿರಲಿಲ್ಲ. ಹನ್ನೊಂದು ವರ್ಷ ನುಂಗಿದವಳಿಗೆ ಇನ್ನೊಂದು ಗಳಿಗೆ ನುಂಗುವುದು ಕಷ್ಟವಿರಲಿಲ್ಲ. ಆದರೆ ಆಗಲಿಲ್ಲ. “ಆ ಹುಡುಗಿ ನಾನೇ ಚಾಚಿ” ಅಂದೆ. “ಅವರು ಆ ಅಳತೆ ಹೇಳಿರಲಿಲ್ಲ. ನಾನೇ ಹಾಕಿ, ನೌಕರಿ ಹೋಗ್ತೈತೆ ಅಂತ ಅವರ ಮೇಲೆ ಹೇಳಿದೆ.”

ಚಾಚಿ ಅಳಲಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕೈಯಿಂದ ಡೈರಿ ತೆಗೆದುಕೊಂಡು, ಉಳಿದವುಗಳ ಜೊತೆ ಚೀಲಕ್ಕೆ ಹಾಕಿ, ಚೀಲದ ಬಾಯಿಗೆ ಗಂಟು ಕಟ್ಟಿದರು. “ಇದನ್ನ ನನಗ್ಯಾಕ ಹೇಳ್ತೀಯ ಬೇಟಿ” ಅಂದರು. “ಅವರಿಲ್ಲ. ನಾನಿನ್ನು ಇದನ್ನ ಯಾರಿಗೆ ಹೇಳ್ಲಿ?”

ಎದ್ದು ಬಂದೆ. ಕ್ಷಮಿಸಿ ಅನ್ನುವ ಮಾತು ಬಾಯಿಗೆ ಬಂತು, ಅದನ್ನು ಚಾಚಿಯ ಹತ್ತಿರ ಕೇಳಿ ಹಗುರಾಗುವುದು ಇನ್ನೊಂದು ಕಳ್ಳತನ ಅನ್ನಿಸಿ ಸುಮ್ಮನಾದೆ. ಆಮೇಲೆ ಮಾಲೀಕರಿಗೆ ಹೇಳಿದೆ. ಅವರು ಈಗ ಶೆಡ್ಡನ್ನು ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದಾರೆ. ನನ್ನ ಮುಖ ನೋಡಿ ಟಿವಿಯ ದನಿ ಹೆಚ್ಚು ಮಾಡಿದರು. ಫಿಟ್ಟರಿಗೆ ಹೇಳಿದೆ. ಅವರು ಅಂದಿನಿಂದ ನನ್ನ ಫೋನ್ ಎತ್ತುವುದಿಲ್ಲ. ಅದು ಸರಿಯೇ ಇದೆ.

ಎರಡು ವರ್ಷವಾದರೂ ಚಾಚಿಯ ಪ್ರಶ್ನೆ ನನ್ನ ಹತ್ತಿರವೇ ಉಳಿದಿದೆ. ಅವರಿಗೆ ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೆ ನಾನಾದರೂ ಹೇಳಬೇಕು ಅಂತ ಇಷ್ಟನ್ನೂ ಬರೆದೆ. ಹರಿಹರದಲ್ಲಿ, ಕರೂರಿನಲ್ಲಿ ಉಸ್ತಾದರನ್ನು ಬಲ್ಲವರು ಇನ್ನೂ ಇದ್ದಾರೆ. ಕೊನೆಗಾಲದಲ್ಲಿ ಪಾಪ ಮರೆವು ಹತ್ತಿತ್ತು ಅಂತ ಅವರೆಲ್ಲ ಮಾತಾಡಿಕೊಳ್ಳುವುದನ್ನು ಕೇಳಿದ್ದೇನೆ. ಓದಿದವರು ದಯವಿಟ್ಟು ಅವರಿಗೆಲ್ಲ ತಿಳಿಸಿ. ಉಸ್ತಾದರಿಗೆ ಮರೆವು ಇರಲಿಲ್ಲ.